ಮೀನಿನ ಗಾಡಿಯ ಹೊಣೆ

ನನ್ನ ಗಂಡನ ಎಡಗಿವಿ ಕೇಳುವುದಿಲ್ಲ. ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಚಳಿ ಬಿತ್ತೆಂದರೆ ಬಲಭುಜ ಮೇಲೇಳುವುದಿಲ್ಲ, ಅಂಗಿ ನಾನೇ ತೊಡಿಸಬೇಕು. ಬೇರೆ ಊರಾಗಿದ್ದರೆ ಜನ ಅಯ್ಯೋ ಪಾಪ ಎನ್ನುತ್ತಿದ್ದರು. ನಮ್ಮೂರಲ್ಲಿ ಇವರು ಬಸ್ಸು ಹತ್ತಿದರೆ ಕಂಡಕ್ಟರೇ ಎದ್ದು ತನ್ನ ಸೀಟು ಬಿಡುತ್ತಾನೆ. ಕಿವಿ ಹೋದದ್ದು ಜನರೇಟರ್ ಸಿಡಿದ ವರ್ಷ. ಅದರ ಪಕ್ಕದಲ್ಲೇ ನಿಂತಿದ್ದ ಹೂ ಮಾರುವವರ ಮಗಳಿಗೆ ಕೂದಲೂ ಕೊಂಕಲಿಲ್ಲ. ಮೆರವಣಿಗೆಯ ಆ ತುದಿಯಲ್ಲಿದ್ದ ಇವರು ಕಿವಿ ಹಿಡಿದುಕೊಂಡು ಕೂತರು. ಆ ಹುಡುಗಿ ಈಗ ಹೈಸ್ಕೂಲಿನಲ್ಲಿ ಸಂಗೀತ ಹೇಳಿಕೊಡುತ್ತಾಳೆ. ವರ್ಷಕ್ಕೊಮ್ಮೆ ಮನೆಗೆ ಬಂದು ಇವರ ಎಡಗಡೆಗೇ ಕೂತು ಒಂದು ಹಾಡು ಹೇಳಿ ಹೋಗುತ್ತಾಳೆ. ಇವರಿಗೆ ಅರ್ಧಂಬರ್ಧ ಕೇಳುತ್ತದೆ, ಆದರೂ ತಲೆದೂಗುತ್ತಾರೆ. ನೋಡುತ್ತಾ ನಿಂತ ನನಗೆ ಎದೆ ಉಬ್ಬುತ್ತದೆ. ಇಲ್ಲವೆಂದು ಸುಳ್ಳು ಯಾಕೆ ಹೇಳಲಿ?

ನಮ್ಮದು ಕುಲುಮೆ ಬೀದಿ. ನಾನು ಚಂದ್ರಕಲಾ, ಇವರು ಬೋರಲಿಂಗಯ್ಯ, ಊರಿಗೆಲ್ಲ ಲಿಂಗಣ್ಣ. ಗಂಡ ಹೆಂಡತಿ ಸೇರಿ ವೆಲ್ಡಿಂಗ್ ಅಂಗಡಿ ನಡೆಸುತ್ತೇವೆ. ಬೆಸೆಯುವುದು ಅವರು, ಉಜ್ಜಿ ಬಣ್ಣ ಹೊಡೆಯುವುದು ನಾನು, ಗಿರಾಕಿಗಳ ಜೊತೆ ಜಗಳವಾಡುವುದೂ ನಾನೇ. ನಮ್ಮೂರಿನ ಕೆರೆ ತುಂಬಿ ಕೋಡಿ ಬಿದ್ದ ಮೇಲೆ ಬರುವ ಹುಣ್ಣಿಮೆಗೆ ಒಂದೊಂದು ಬೀದಿಯೂ ಒಂದೊಂದು ಗಾಡಿ ಕಟ್ಟಿ ಪೇಟೆಯಿಂದ ಕೆರೆ ಏರಿಯವರೆಗೆ ಮೆರವಣಿಗೆ ತೆಗೆಯುತ್ತದೆ. ಗಾಡಿ ಎಂದರೆ ಟ್ರ್ಯಾಕ್ಟರಿನ ಟ್ರೇಲರ್. ಅದರ ಮೇಲೆ ಕಬ್ಬಿಣದ ಚೌಕಟ್ಟು, ತಗಡು, ಬಟ್ಟೆ, ಮೋಟಾರು, ದೀಪದ ಸರ. ಬೇರೆ ಬೀದಿಯವರೂ ಕಟ್ಟುತ್ತಾರೆ, ಪಾಪ, ಇಲ್ಲವೆನ್ನುವುದಿಲ್ಲ. ಆದರೆ ನಮ್ಮ ಬೀದಿಯ ಗಾಡಿ ಪೇಟೆಯ ಬಾಗಿಲ ಕಮಾನಿನೊಳಗೆ ಬಂತೆಂದರೆ ಅಲ್ಲಿಯವರೆಗೆ ಬಂದದ್ದನ್ನೆಲ್ಲ ಜನ ಮರೆತುಬಿಡುತ್ತಾರೆ.

ಹೊರಡುವ ದಿನ ಬೆಳಿಗ್ಗೆ ಬೀದಿಯವರಲ್ಲಿ ಒಬ್ಬರು ಕಲಸಿದ ಕೆಮ್ಮಣ್ಣಿನಲ್ಲಿ ಅಂಗೈ ಅದ್ದಿ ಗಾಡಿಯ ಮೇಲೆ ಒತ್ತಿ, 'ಇದು ಕೊಟ್ಟ ನೋವು ನನ್ನದು' ಎನ್ನಬೇಕು. ಅವರೇ ಆ ವರ್ಷದ ಹೊಣೆಗಾರರು. ಗಾಡಿ ಶೆಡ್ಡಿಗೆ ವಾಪಸು ಬಂದು ಆ ಗುರುತು ತೊಳೆಯುವವರೆಗೆ ಅದು ಯಾರಿಗೆ ತಗುಲಿದರೂ, ಯಾರನ್ನು ಕೆಡವಿದರೂ, ತಗುಲಿಸಿಕೊಂಡವರು ಮೈ ಕೊಡವಿಕೊಂಡು ಎದ್ದು ಹೋಗುತ್ತಾರೆ. ನೋವು, ಗಾಯ, ಮುರಿದ ಮೂಳೆ ಎಲ್ಲ ಕೈ ಇಟ್ಟವರ ಪಾಲಿಗೆ. ಕೈ ಇಡದ ಗಾಡಿಯನ್ನು ಕಮಾನಿನೊಳಗೆ ಬಿಡುವುದಿಲ್ಲ. ನಮ್ಮ ಬೀದಿಯಲ್ಲಿ ವರ್ಷ ವರ್ಷವೂ ಕೈ ಇಡುತ್ತಾ ಬಂದವರು ಇವರೇ. ಮದುವೆಯ ಮಾತಿಗೆ ಬಂದವರು ನಮ್ಮಲ್ಲಿ ಮೊದಲು ಕೇಳುವುದು, ನಿಮ್ಮ ಮನೆಯಲ್ಲಿ ಹೊಣೆ ಹೊತ್ತವರು ಯಾರಿದ್ದಾರೆ ಎಂದೇ. ದೊಡ್ಡಪೇಟೆಯವರ ಹೊಣೆಗಾರ ಒಂದು ವರ್ಷ ಜಗುಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಾ ಕೂತಲ್ಲೇ ಒರಗಿಹೋದ. ಅವರ ಗಾಡಿ ಅಷ್ಟು ದೂರದಲ್ಲಿ ಯಾರ ಮೇಲೋ ಹತ್ತಿತ್ತು. ಆಮೇಲಿಂದ ಅವರು ದುಡ್ಡು ಕೊಟ್ಟು ಹೊರಗಿನ ಕೂಲಿಯವರಿಂದ ಕೈ ಇಡಿಸುತ್ತಾರೆ. ಅವರ ಗಾಡಿ ಎಷ್ಟೇ ಚೆಂದವಿರಲಿ, ನಾನು ಅದಕ್ಕೆ ಕೈ ಮುಗಿಯುವುದಿಲ್ಲ.

ಈ ಸಲ ಹಬ್ಬಕ್ಕೆ ಮುಂಚೆ ಇವರಿಗೆ ಅಂಗಡಿಯಲ್ಲೇ ಬೆವರು ಕಿತ್ತುಕೊಂಡು ಬಂತು. ಡಾಕ್ಟರು ಪರೀಕ್ಷೆ ಮಾಡಿ ನನ್ನನ್ನು ಹತ್ತಿರ ಕರೆದರು. "ಎದೆ ಸೋತಿದೆ ತಾಯಿ. ಔಷಧಿ ತಗೊಂಡು ಹುಷಾರಾಗಿದ್ರೆ ಬಹಳ ವರ್ಷ ಇರ್ತಾರೆ. ಆದ್ರೆ ಒಂದು ಸಣ್ಣ ಪೆಟ್ಟೂ ತಡೆಯಲ್ಲ. ಗಾಡಿಗೆ ಕೈ ಇಡಬಾರದು, ನಾನು ಈಗ್ಲೇ ಹೇಳಿದೀನಿ." ಇವರು ಅಷ್ಟು ಹೊತ್ತೂ ಕಿವುಡು ಕಿವಿಯನ್ನು ಡಾಕ್ಟರ ಕಡೆಗೆ ತಿರುಗಿಸಿಕೊಂಡು ಕೂತಿದ್ದರು. ಬೇಕೆಂದೇ.

ಮನೆಗೆ ಬಂದು ನಾನು ಹೇಳಿದೆ. "ಈ ಸಲ ನಾನಿಡ್ತೀನಿ ಕೈ."

"ನಾನು ಸತ್ತ ಮೇಲೆ ಇಡು."

"ಅದನ್ನೇ ತಪ್ಪಿಸೋಣ ಅಂತ ಹೇಳ್ತಿರೋದು."

"ನೋಡು ಚಂದ್ರೂ, ಎದ್ದು ಓಡಾಡ್ತಿರೋ ಹೊಣೆಗಾರನ ಕೈ ತೆಗೆಸಿದ್ರೆ ಊರು ಏನನ್ನುತ್ತೆ? ಲಿಂಗಣ್ಣ ಹೆದರ್ಕೊಂಡ ಅನ್ನುತ್ತೆ. ಆಮೇಲೆ ನಾನು ಬದುಕಿದ್ದು ಏನು ಮಾಡಲಿ?"

ಅಷ್ಟು ಹೇಳಿ ಊಟಕ್ಕೆ ಕೂತರು. ನಾನು ಸಾರು ಬಡಿಸಿದೆ. ನನಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು. ಆ ಮಾತನ್ನು ಇವರು ಆಡದೆ ಬೇರೆ ಯಾರಾದರೂ ಆಡಿದ್ದರೆ ಭೇಷ್ ಎನ್ನುತ್ತಿದ್ದೆ ಎಂಬುದೂ ನನಗೆ ಗೊತ್ತಿತ್ತು.

ಬೀದಿಯವರಿಗೆ ವಿಷಯ ತಿಳಿಯದೆ ಇರುತ್ತದೆಯೇ? ಟ್ರ್ಯಾಕ್ಟರ್ ಓಡಿಸುವ ಮುನವ್ವರ್ ಶೆಡ್ಡಿಗೆ ಬಂದು ತಲೆ ಕೆರೆದುಕೊಳ್ಳುತ್ತಾ ನಿಂತ. "ಲಿಂಗಣ್ಣ, ಈ ಸಲ ನಂಗೆ ಬಿಟ್ಕೊಡಿ. ಗಾಡಿ ನಂದು, ಓಡ್ಸೋದೂ ನಾನೇ."

"ಸ್ಟೀರಿಂಗ್ ಹಿಡಿದೋನಿಗೆ ನೋವು ಬಂದ್ರೆ ಗಾಡಿ ಎಲ್ಲಿಗೆ ನುಗ್ಗುತ್ತೆ ಗೊತ್ತೇನಯ್ಯಾ? ಹೋಗು, ಬ್ರೇಕ್ ನೋಡ್ಕೋ ಹೋಗು."

ಪಕ್ಕದ ಮನೆಯ ಜಯಶೀಲ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ನಲ್ಲಿ ನೀರಿನ ವಿಷಯಕ್ಕೆ ನನಗೂ ಅವಳಿಗೂ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಅವಳು ಏನೋ ಹೇಳಲು ಬಾಯಿ ತೆರೆದು, ನನ್ನ ಮುಖ ನೋಡಿ ಮೂಗು ಮುರಿದು ಹೊರಟುಹೋದಳು. ಹೊಣೆಗಾರ ಕಣ್ಣೆದುರಿಗಿರುವಾಗ ಎರಡನೆಯ ಕೈ ಇಡುವ ಮಾತು ಯಾರೂ ಆಡುವಂತಿರಲಿಲ್ಲ. ಹಾಗೆ ಇಟ್ಟರೆ ನಿನ್ನ ಕೈಯಲ್ಲಿ ಆಗುವುದಿಲ್ಲ ಎಂದು ಮುಖಕ್ಕೆ ಹೇಳಿದಂತೆ. ಇಟ್ಟರೆ ಏನಾಗುತ್ತದೆ ಎಂಬುದು ಕೂಡ ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಇಟ್ಟವರೇ ಇರಲಿಲ್ಲ.

ಆ ವಾರ ವಿಮೆ ಕಂಪನಿಯಿಂದ ಫಣೀಂದ್ರ ಎಂಬ ಹುಡುಗ ಬಂದ. ಹಬ್ಬಕ್ಕೆ ವಾಹನ ತೆಗೆಯುವ ಸಂಘದವರೆಲ್ಲ ವಿಮೆ ಮಾಡಿಸಲೇಬೇಕೆಂದು ಮೇಲಿನಿಂದ ಆದೇಶವಾಗಿತ್ತಂತೆ. ಒಳ್ಳೆಯವರ ಮನೆಯ ಹುಡುಗ, ಚಪ್ಪಲಿ ಹೊರಗೆ ಬಿಟ್ಟೇ ಶೆಡ್ಡಿನೊಳಗೆ ಬಂದ. ಈ ಸಲದ ಗಾಡಿ ಮೀನು. ಎಣ್ಣೆ ಡಬ್ಬದ ತಗಡು ಕತ್ತರಿಸಿ ಹುರುಪೆ ಮಾಡಿದ್ದೆವು, ಬಾಲ ಎಡಕ್ಕೂ ಬಲಕ್ಕೂ ಆಡುವ ಹಾಗೆ ಮೋಟಾರು ಕೂರಿಸಿದ್ದೆವು. ಅವನು ಅದನ್ನು ಬಾಯಿ ಬಿಟ್ಟುಕೊಂಡು ನೋಡಿದ. ನನಗೆ ಅವನು ಅಲ್ಲೇ ಇಷ್ಟವಾದ.

ಆಮೇಲೆ ಕೇಳತೊಡಗಿದ. ಡ್ರೈವರಿಗೆ ಲೈಸೆನ್ಸ್ ಇದೆಯಾ, ಕರೆಂಟಿನ ತಂತಿಗೆ ಬಾಲ ತಾಗುತ್ತಾ, ಟ್ರೇಲರ್ ಮೇಲೆ ಮಕ್ಕಳನ್ನ ಕೂರಿಸ್ತೀರಾ, ದಿಣ್ಣೆ ಹತ್ತೋವಾಗ ಹಿಂದೆ ಯಾರಿರ್ತಾರೆ. ಎಲ್ಲದಕ್ಕೂ ಇವರು ನಿಧಾನವಾಗಿ ಉತ್ತರ ಕೊಟ್ಟರು. ದಿಣ್ಣೆಯಲ್ಲಿ ಹಿಂದೆ ಮರದ ತುಂಡು ಹಿಡಿದುಕೊಂಡು ಇರೋನು ನಾನೇ ಎಂದರು. ಗಾಡಿ ಹಿಂದಕ್ಕೆ ಸರಿದರೆ ಚಕ್ರಕ್ಕೆ ಕೊಡಲು.

"ಅಪಘಾತ ಆದ್ರೆ ಪೆಟ್ಟಾದವರಿಗೆ ಯಾರು ಹೊಣೆ?"

"ನಾನು."

"ಸಂಘದ ಪರವಾಗಿ?"

"ನನ್ನ ಮೈ ಪರವಾಗಿ," ಎಂದರು ಇವರು. ಮುನವ್ವರ್ ಅವನನ್ನು ಪಕ್ಕಕ್ಕೆ ಕೂರಿಸಿ ಎಲ್ಲವನ್ನೂ ಬಿಡಿಸಿ ಹೇಳಿದ. ಫಣೀಂದ್ರ ನಗಲಿಲ್ಲ. ಇವರ ಬೆರಳು ನೋಡಿದ, ಕಿವಿ ನೋಡಿದ. ಆಮೇಲೆ ಹೇಳಿದ: "ಗಾಡಿ ತಗುಲಿದವರಿಗೆ ಗಾಯ ಇರಲ್ಲ. ಗಾಯ ಆದವರಿಗೆ ಗಾಡಿ ತಗುಲಿರಲ್ಲ. ಇದನ್ನ ಹೆಡ್ಡಾಫೀಸಿಗೆ ನಾನು ಹೇಗೆ ಒಪ್ಪಿಸ್ಲಿ ಸರ್? ಟ್ರ್ಯಾಕ್ಟರಿಗೆ ವಿಮೆ ಮಾಡಿಸಿ ಕೊಡ್ತೀನಿ. ನಿಮಗೆ ಮಾಡೋಕಾಗಲ್ಲ."

"ಅಷ್ಟಕ್ಕೂ ಈ ವಿಮೆ ಏನು ಮಾಡುತ್ತಪ್ಪ?" ಎಂದು ನಾನು ಕೇಳಿದೆ. ಸ್ವಲ್ಪ ಕೆಣಕುವ ಧ್ವನಿಯಲ್ಲೇ ಕೇಳಿದೆ. "ಮೂಳೆ ಮುರಿದ ಮೇಲೆ ದುಡ್ಡು ಕೊಡುತ್ತೆ. ಮುರಿಯೋ ಮೂಳೆ ಯಾರದು?"

"ಅದು ಅಷ್ಟೇ ಅಲ್ಲಮ್ಮ. ಒಬ್ಬರ ತಲೆ ಮೇಲೆ ಬೀಳೋ ಕಲ್ಲನ್ನ ಪುಡಿ ಮಾಡಿ ಸಾವಿರ ಜನದ ಮೇಲೆ ಉದುರಿಸೋದು, ವಿಮೆ ಅಂದ್ರೆ ಇಷ್ಟೇ. ಯಾರ ತಲೆಯೂ ಒಡೆಯಲ್ಲ. ಎಲ್ಲರ ತಲೆ ಮೇಲೂ ಸ್ವಲ್ಪ ಧೂಳು."

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಕುಲುಮೆ ಬೀದಿಯವರ ತಲೆ ಮೇಲೆ ಧೂಳಿಗೇನು ಕಮ್ಮಿಯೇ ಎಂದು ಯಾರೋ ಅಂದರು. ನಗದೆ ಇದ್ದವರು ಇವರೊಬ್ಬರೇ. "ನನ್ನ ಕಲ್ಲು ನನಗಿರಲಿ ಕಣಪ್ಪ," ಎಂದು ವೆಲ್ಡಿಂಗ್ ಕನ್ನಡಕ ಇಳಿಸಿಕೊಂಡು ಮೀನಿನ ಬಾಲಕ್ಕೆ ಕಿಡಿ ಹಾರಿಸಲು ಹೋದರು. ನಗು ನಿಂತಿತು. ಒಬ್ಬೊಬ್ಬರೇ ಎದ್ದು ಮನೆಗೆ ಹೋದರು. ಹೋಗುವಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನನ್ನ ತಲೆಯಲ್ಲಿ ಓಡುತ್ತಿದ್ದುದು ಅವರ ತಲೆಯಲ್ಲೂ ಓಡುತ್ತಿತ್ತೆಂದು ಆಗ ನನಗೇನು ಗೊತ್ತು?

ಹಬ್ಬದ ಬೆಳಿಗ್ಗೆ ಇವರು ಹೊಸ ಪಂಚೆ ಉಟ್ಟು ಎಲ್ಲರ ಎದುರು ಮೀನಿನ ಕಿವಿರಿನ ಕೆಳಗೆ ಕೈ ಒತ್ತಿ, ಗಟ್ಟಿ ಧ್ವನಿಯಲ್ಲಿ, "ಇದು ಕೊಟ್ಟ ನೋವು ನನ್ನದು," ಎಂದರು. ಬೀದಿಯವರು ಚಪ್ಪಾಳೆ ತಟ್ಟಿದರು. ಎಷ್ಟು ಚೆಂದ ಕಾಣುತ್ತಿದ್ದರು ಗೊತ್ತೇ! ಮದುವೆಯ ದಿನವೂ ಅಷ್ಟು ಲಕ್ಷಣವಾಗಿರಲಿಲ್ಲ. ಆಮೇಲೆ ಎಲ್ಲರೂ ತಿಂಡಿಗೆ ಹೋದರು, ಇವರು ಕೈ ತೊಳೆದು ಮಾತ್ರೆ ನುಂಗಲು ಮನೆಗೆ ಹೋದರು. ನಾನು ಸೆರಗು ಒದ್ದೆ ಮಾಡಿಕೊಂಡು ಶೆಡ್ಡಿಗೆ ಹೋದೆ.

ಇವರ ಕೈಯ ಗುರುತು ಒರೆಸಿದೆ. ಕೆಮ್ಮಣ್ಣು ಇನ್ನೂ ಪೂರ್ತಿ ಒಣಗಿರಲಿಲ್ಲ, ಮಡಚದ ಆ ಎರಡು ಬೆರಳಿನ ಗುರುತು ಕೊನೆಗೆ ಹೋಯಿತು. ಅದೇ ಜಾಗದಲ್ಲಿ ನನ್ನ ಕೈ ಇಟ್ಟು ಮೆಲ್ಲಗೆ ಆ ಮಾತು ಹೇಳಿದೆ. ನನ್ನದು ಚಿಕ್ಕ ಕೈ, ನೋಡಿದರೆ ತಿಳಿದುಬಿಡುತ್ತದೆಂದು ಮೇಲೊಂದು ಚೆಂಡು ಹೂವಿನ ಹಾರ ಇಳಿಬಿಟ್ಟೆ. ಹಿಂತಿರುಗಿ ನೋಡಿದರೆ ಜಯಶೀಲ ಶೆಡ್ಡಿನ ಕಡೆಗೆ ಬರುತ್ತಿದ್ದಳು, ಕೈ ಸೆರಗಿನೊಳಗೆ. ಇವಳಿಗೇನು ಕೆಲಸ ಇಲ್ಲಿ ಎಂದುಕೊಂಡು ಮುಖ ತಿರುಗಿಸಿಕೊಂಡು ಬಂದೆ. ಆ ದಿನ ಸತ್ತರೆ ನಾನೇ ಸಾಯುತ್ತೇನೆ, ಕುಲುಮೆ ಬೀದಿಯ ಹೊಣೆಗಾರ್ತಿಯಾಗಿಯೇ ಸಾಯುತ್ತೇನೆ ಎಂದು ನನಗೆ ಒಳಗೊಳಗೇ ಜಂಬ ಬಂದಿತ್ತು.

ಮೀನು ಕಮಾನಿನೊಳಗೆ ಬಂದಾಗ ಪೇಟೆ ಒಂದು ಕ್ಷಣ ಗಪ್ಪಾಯಿತು. ಹುರುಪೆಗಳ ಮೇಲೆ ಸಂಜೆ ಬಿಸಿಲು ಬಿದ್ದು ಅಂಗಡಿ ಗೋಡೆಗಳ ಮೇಲೆಲ್ಲ ಬೆಳಕು ಕುಣಿಯಿತು. ಬಾಲ ಅತ್ತಿತ್ತ ಆಡಿತು. ಆಮೇಲೆ ಎದ್ದ ಕೂಗನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ದೊಡ್ಡಪೇಟೆಯವರ ಮುಖ ನೋಡಬೇಕಿತ್ತು. ಇವರು ಗಾಡಿಯ ಹಿಂದೆ ಮರದ ತುಂಡನ್ನು ಮಗುವಿನ ಹಾಗೆ ಎತ್ತಿಕೊಂಡು ನಡೆಯುತ್ತಿದ್ದರು. ಬೀದಿಯವರೆಲ್ಲ ಅಕ್ಕಪಕ್ಕದಲ್ಲಿದ್ದೆವು. ಫಣೀಂದ್ರನೂ ಬಂದಿದ್ದ.

ಕೆರೆ ಏರಿಗೆ ಹತ್ತುವ ದಿಣ್ಣೆ ಕಡಿದು. ಅರ್ಧ ಹತ್ತಿದ ಮೇಲೆ ಮುನವ್ವರ್ ಗೇರು ಬದಲಾಯಿಸಿದ, ಟ್ರ್ಯಾಕ್ಟರು ಕೆಮ್ಮಿತು, ಗಾಡಿ ಹಿಂದಕ್ಕೆ ಸರಿಯಿತು. ಇವರು ಮರದ ತುಂಡು ಕೊಡಲು ಬಗ್ಗಿದರು. ಮುಂದಿನ ಗಾಡಿಗಳಿಂದ ಉದುರಿದ ಹೂವು ನೆಲದ ಮೇಲೆ ಜಜ್ಜಿಹೋಗಿ ಲೋಳೆಯಾಗಿತ್ತು. ಇವರ ಕಾಲು ಜಾರಿತು. ನಾನು ಕೂಗುವಷ್ಟರಲ್ಲಿ ಟ್ರೇಲರಿನ ಚಕ್ರ ಇವರ ಎಡ ತೊಡೆ ಹತ್ತಿ, ಪಕ್ಕೆಯ ಮೇಲೆ ಹಾದು, ಆ ತುಂಡಿಗೇ ತಾಗಿ ನಿಂತಿತು.

ಹೊಣೆ ಹೊತ್ತವರನ್ನೇ ಗಾಡಿ ತುಳಿದರೆ ಆ ನೋವಿಗೆ ಹೋಗಲು ಬೇರೆ ಮೈ ಇಲ್ಲ. ಇವರ ಕೈಯ ಗುರುತು ಮೀನಿನ ಮೇಲೇ ಇದ್ದಿದ್ದರೆ ಇವರು ಅಲ್ಲೇ ಮುಗಿದಿರುತ್ತಿದ್ದರು. ಅಷ್ಟು ನನಗೆ ಹೊಳೆಯಿತು, ಹೊಳೆಯುವಷ್ಟರಲ್ಲಿ ಪೆಟ್ಟು ಬಿತ್ತು. ಎಡ ತೊಡೆಗೆ, ಎಡ ಪಕ್ಕೆಗೆ. ಕಣ್ಣು ಮುಚ್ಚಿ, ಸರಿ, ಬಾ, ಎಂದುಕೊಂಡೆ. ಪೂರ್ತಿ ಬರಲಿ ಎಂದು ಕಾದೆ. ಬರಲಿಲ್ಲ. ಬಂದದ್ದು ಒನಕೆ ಜಾರಿ ತೊಡೆಗೆ ತಾಗಿದಷ್ಟು ನೋವು, ಅಷ್ಟೇ. ಸಾಯಲು ಸಿದ್ಧವಾಗಿ ನಿಂತವಳಿಗೆ ಬರೀ ಇಷ್ಟೇನಾ ಎಂದು ಕಣ್ಣು ಬಿಟ್ಟೆ.

ಜಯಶೀಲ ರಸ್ತೆಯಲ್ಲೇ ಕೂತಿದ್ದಳು, ಎಡ ಪಕ್ಕೆ ಹಿಡಿದುಕೊಂಡು. ಮುನವ್ವರ್ ಬ್ರೇಕಿನ ಮೇಲಿಂದ ಕಾಲು ತೆಗೆಯದೆ ಸ್ಟೀರಿಂಗಿಗೆ ಒರಗಿ ನರಳುತ್ತಿದ್ದ. ಡೋಲು ಹೊಡೆಯುವವರು, ದೀಪದ ಸರ ಎತ್ತಿ ಹಿಡಿದವರು, ಆರತಿ ತಟ್ಟೆ ಹಿಡಿದ ಹೆಂಗಸರು, ಕುಲುಮೆ ಬೀದಿಯ ದೊಡ್ಡವರು ಒಬ್ಬರೂ ಬಿಡದೆ ಎಲ್ಲರೂ ಎಡ ತೊಡೆಗೆ ಕೈ ಒತ್ತಿಕೊಂಡು ನಿಂತಿದ್ದರು. ನೋಡಲು ಬಂದ ಬೇರೆ ಬೀದಿಯವರು ನೆಟ್ಟಗೆ ನಿಂತು ನಮ್ಮನ್ನು ಪಿಳಿಪಿಳಿ ನೋಡುತ್ತಿದ್ದರು.

ಫಣೀಂದ್ರ ಕುಂಟುತ್ತಾ ಬಂದು ಟ್ರೇಲರಿನ ಅಡಿಗೆ ಬಗ್ಗಿ ನೋಡಿ, "ಅಮ್ಮಾ, ಇಲ್ಲಿ ಬನ್ನಿ," ಎಂದ. ಬಗ್ಗಿ ನೋಡಿದೆ. ಹಲಗೆಯ ಕೆಳಗೆ ಕೈ, ಅಚ್ಚಿನ ಮೇಲೆ ಕೈ, ಮಡ್‌ಗಾರ್ಡಿನ ಒಳಗೆ ಕೈ. ಒಂದೆರಡು ಹುರುಪೆ ಎತ್ತಿ ನೋಡಿದರೆ ಅಲ್ಲೂ ಕೈ. ದೊಡ್ಡ ಕೈ, ಬಳೆಯ ಗುರುತಿರುವ ಕೈ, ಸುತ್ತಿಗೆ ಹಿಡಿದು ಅಗಲವಾದ ಕೈ. ಒಬ್ಬರಿಗೊಬ್ಬರು ಹೇಳದೆ, ಲಿಂಗಣ್ಣನಿಗೆ ಅವಮಾನವಾಗದ ಹಾಗೆ, ಕಣ್ಣಿಗೆ ಕಾಣದ ಜಾಗ ಹುಡುಕಿ ಹುಡುಕಿ ಇಟ್ಟಿದ್ದರು.

"ನೀನ್ಯಾಕಪ್ಪ ಕುಂಟ್ತಿದೀಯ?" ಎಂದೆ ಫಣೀಂದ್ರನಿಗೆ.

ಅವನ ಮುಖ ಕೆಂಪಾಯಿತು. "ಪಾಲಿಸಿಯಲ್ಲಿ ಕೊಡೋಕಾಗಲಿಲ್ಲ. ಸುಮ್ನೆ ಹೋಗೋಕೆ ಮನಸ್ಸು ಬರಲಿಲ್ಲಮ್ಮ."

ಚಕ್ರದ ಪಕ್ಕದಲ್ಲಿ ಇವರು ಎದ್ದು ಕೂತಿದ್ದರು. ಹೊಸ ಪಂಚೆಯ ಮೇಲೆ ಟೈರಿನ ಪಟ್ಟೆ ಅಚ್ಚೊತ್ತಿತ್ತು. ತೊಡೆ ಮುಟ್ಟಿಕೊಂಡರು, ಪಕ್ಕೆ ಮುಟ್ಟಿಕೊಂಡರು, ಎದೆಯ ಮೇಲೆ ಕೈ ಇಟ್ಟು ನೋಡಿಕೊಂಡರು. ಆಮೇಲೆ ಮುಖ ಕಪ್ಪಿಟ್ಟಿತು.

"ನನ್ನ ಕೈ ಒರೆಸಿದ್ದು ಯಾರು?"

"ನಾನು," ಎಂದೆ. ತಲೆ ತಗ್ಗಿಸಲಿಲ್ಲ.

"ಊರ ಮುಂದೆ ನನ್ನ ಮಾನ ತೆಗೆದಲ್ಲೇ ಚಂದ್ರೂ."

ನಾನು ಉತ್ತರ ಕೊಡುವ ಮೊದಲೇ ಜಯಶೀಲ ನೆಲದ ಮೇಲಿಂದ ಒದರಿದಳು. "ಏನ್ ಮಾನ ಲಿಂಗಣ್ಣ? ಇಷ್ಟು ವರ್ಷ ಬೀದೀದೆಲ್ಲ ನೀವೊಬ್ರೇ ನುಂಗ್ಕೊಂಡ್ರಿ. ನಮಗೂ ಒಂದು ಚೂರು ಮಾನ ಬೇಡವಾ? ಯಾರಾದ್ರೂ ಕೈ ಕೊಡ್ರೋ, ಎದ್ದೇಳ್ಬೇಕು."

ನಾನೇ ಕೈ ಕೊಟ್ಟೆ. ಅವಳು ನನ್ನ ಮೇಲೆ ಭಾರ ಬಿಟ್ಟು ಎದ್ದಳು. ಇಬ್ಬರೂ ಒಟ್ಟಿಗೆ ಅಯ್ಯಮ್ಮಾ ಎಂದೆವು.

ಇವರು ಸುತ್ತಲೂ ನೋಡಿದರು. ಒಬ್ಬೊಬ್ಬರನ್ನೂ ನೋಡಿದರು, ಅವರು ಎಲ್ಲೆಲ್ಲಿ ಕೈ ಒತ್ತಿಕೊಂಡಿದ್ದಾರೆಂದು ನೋಡಿದರು. ಕಣ್ಣಲ್ಲಿ ನೀರು ತುಂಬಿತು. ಇವರು ಅತ್ತದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ; ಬೆರಳು ಜಜ್ಜಿಹೋದ ದಿನವೂ ಅತ್ತಿರಲಿಲ್ಲ. ಮುನವ್ವರ್ ಮೇಲಿಂದ ಕೂಗಿದ: "ಲಿಂಗಣ್ಣ, ಗಾಡಿ ಏರಿಗೆ ಹೋಗ್ಬೇಕಲ್ಲ. ಹತ್ತಿಸ್ಲಾ?"

ಹಬ್ಬದ ಗಾಡಿ ಅರ್ಧ ದಾರಿಯಲ್ಲಿ ನಿಂತು ವಾಪಸು ಹೋಗುವುದುಂಟೇ? ಹೊರಟೆವು. ಇಡೀ ಬೀದಿ ಒಂದೇ ಕಾಲಿನಲ್ಲಿ, ಒಂದೇ ಕಡೆಗೆ ವಾಲಿಕೊಂಡು. ದಿಣ್ಣೆಯ ಎರಡೂ ಕಡೆ ನಿಂತಿದ್ದ ಜನ ಮೊದಲು ನಕ್ಕರು, ನಗು ಬರುವಂತೆಯೇ ಇತ್ತು. ಸುದ್ದಿ ಬಾಯಿಂದ ಬಾಯಿಗೆ ಹೋಗುತ್ತಿದ್ದಂತೆ ನಗು ಅಲ್ಲಲ್ಲೇ ನಿಂತಿತು. ದೊಡ್ಡಪೇಟೆಯ ಯಜಮಾನರೊಬ್ಬರು ಕುರ್ಚಿಯಿಂದ ಎದ್ದರು. ಅವರು ಕೈ ಮುಗಿದದ್ದು ಇವರೊಬ್ಬರಿಗಲ್ಲ, ನಮ್ಮೆಲ್ಲರಿಗೂ, ಒಬ್ಬೊಬ್ಬರಿಗೂ. ಜಯಶೀಲ ಸೆರಗು ಸರಿಮಾಡಿಕೊಂಡಳು. ನಾನೂ ಸರಿಮಾಡಿಕೊಂಡೆ.

ಇವರು ಮಾತ್ರ ಮುಂದಕ್ಕೆ ಹೋಗದೆ ನನ್ನ ಪಕ್ಕದಲ್ಲಿ ಹೆಜ್ಜೆ ತಡೆದು ತಡೆದು ಬರುತ್ತಿದ್ದರು. ನೋಡಿದರೆ ತಾವೂ ಸ್ವಲ್ಪ ಕುಂಟುತ್ತಿದ್ದರು, ಬೇಕೆಂದೇ, ನಮ್ಮ ಹಾಗೆ ಎಡಕ್ಕೆ ವಾಲಿಕೊಂಡು.

"ಇದೇನ್ರೀ ಇದು?"

"ನಾನೊಬ್ಬನೇ ನೆಟ್ಟಗೆ ನಡೆಯೋಕೆ ನಾಚ್ಕೆ ಆಗುತ್ತೆ ಕಣೇ."

"ನಾಚ್ಕೆ ಗೀಚ್ಕೆ ಎಲ್ಲ ಮನೇಲಿಟ್ಕೊಳ್ಳಿ," ಎಂದೆ. "ಇಷ್ಟು ಜನ ನೋವು ತಿಂದಿರೋದು ನೀವು ನೆಟ್ಟಗೆ ನಡೀಲಿ ಅಂತ. ನಡೀರಿ ಮುಂದೆ."

ಇವರು ಒಂದು ಗಳಿಗೆ ನನ್ನನ್ನು ನೋಡಿದರು. ಕಣ್ಣೊರೆಸಿಕೊಂಡು, ಪಂಚೆ ಕೊಡವಿ, ಮೀನಿನ ಮುಂದಕ್ಕೆ ಹೋಗಿ ಬೆನ್ನು ನೆಟ್ಟಗೆ ಮಾಡಿಕೊಂಡು ನಡೆದರು. ನಾವು ಹಿಂದೆ ಕುಂಟುತ್ತಾ ಹೋದೆವು, ತಲೆ ಎತ್ತಿಕೊಂಡೇ.